ಹತ್ತು ಸೆಕೆಂಡಿನ ದೃಶ್ಯ ಮತ್ತು ಅದಕ್ಕೆ ತಕ್ಕ ತಂತ್ರಾಂಶ

ಮುದುಕಿಯೊಬ್ಬಳು ಕಿಟಕಿಯ ಬೆಳಕಿಗೆ ಸೂಜಿಯನ್ನು ಎತ್ತಿ ಹಿಡಿಯುತ್ತಾಳೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು, ಬೆರಳಲ್ಲಿ ಹೊಸೆದು, ಸೂಜಿಯ ಕಣ್ಣಿಗೆ ತೂರಿಸಲು ನೋಡುತ್ತಾಳೆ. ಎರಡು ಸಲ ದಾರ ಪಕ್ಕಕ್ಕೆ ಜಾರುತ್ತದೆ. ಮೂರನೆಯ ಸಲ ಒಳಗೆ ಹೋಗುತ್ತದೆ. ಅವಳು ಭುಜ ಇಳಿಸಿ "ಅಬ್ಬಾ" ಎನ್ನುತ್ತಾಳೆ. ಇಷ್ಟೇ ದೃಶ್ಯ, ಹತ್ತು ಸೆಕೆಂಡು. ಕಳೆದ ಎರಡು ವರ್ಷಗಳಲ್ಲಿ ಈ ಒಂದೇ ದೃಶ್ಯವನ್ನು ನಾನು ಐದು ಬೇರೆ ಬೇರೆ ತಂತ್ರಾಂಶಗಳಲ್ಲಿ, ಮೊದಲ ಗೆರೆಯಿಂದ ಹಿಡಿದು ವಿಡಿಯೊ ಹೊರಬರುವವರೆಗೆ, ಪೂರ್ತಿಯಾಗಿ ಮಾಡಿದ್ದೇನೆ. ಎರಡು ಆಯಾಮದ ಅನಿಮೇಷನ್ ಮಾಡಲು ಕಡಿಮೆ ಖರ್ಚಿನ ತಂತ್ರಾಂಶ ಯಾವುದು ಎಂದು ಯಾರಾದರೂ ಕೇಳಿದರೆ ಹೆಸರು ಹೇಳುವ ಮೊದಲು ನಾನು ಈ ದೃಶ್ಯದ ಸಂಗತಿ ಹೇಳುತ್ತೇನೆ.

ಈ ಅಭ್ಯಾಸದ ಹಿಂದೆ ಒಂದು ನಷ್ಟವಿದೆ. ಹಿಂದೆ ನಾನು ತಿಂಗಳ ಚಂದಾ ಕಟ್ಟಿ ಬಳಸುವ ಒಂದು ತಂತ್ರಾಂಶದಲ್ಲಿ ನಲವತ್ತು ಸೆಕೆಂಡುಗಳಷ್ಟು ಕೆಲಸ ಮಾಡಿದ್ದೆ. ತಿಂಗಳಿಗೆ ಕಟ್ಟುವ ಮೊತ್ತ ಚಿಕ್ಕದಾಗಿ ಕಂಡಿತ್ತು. ನಡುವೆ ಬೇರೆ ಹೊಣೆಗಳು ಬಂದು ಏಳೆಂಟು ತಿಂಗಳು ಕೆಲಸ ನಿಂತಿತು, ಚಂದಾ ನಿಲ್ಲಿಸಿದೆ. ಮತ್ತೆ ಕೂತಾಗ ನನ್ನ ಫೈಲುಗಳು ನನ್ನ ಕಂಪ್ಯೂಟರಿನಲ್ಲೇ ಇದ್ದವು, ಆದರೆ ಅವುಗಳನ್ನು ತೆರೆಯಬಲ್ಲದ್ದು ಆ ಒಂದೇ ತಂತ್ರಾಂಶವಾಗಿತ್ತು. ಮತ್ತೆ ಚಂದಾ ಕಟ್ಟಿ ತೆರೆದೆ. ಅಷ್ಟರಲ್ಲಿ ಆವೃತ್ತಿ ಬದಲಾಗಿ, ಪಾತ್ರದ ತೋಳಿನ ಜೋಡಣೆಗಳು ಎಲ್ಲೆಲ್ಲೋ ಹೋಗಿದ್ದವು. ಕೊನೆಗೆ ಉಳಿದದ್ದು ಸ್ನೇಹಿತರಿಗೆ ತೋರಿಸಲೆಂದು ತೆಗೆದಿಟ್ಟಿದ್ದ ಮಸುಕು ವಿಡಿಯೊ ಮಾತ್ರ. ಬರೆದ ಚಿತ್ರಗಳನ್ನು ಒಂದೊಂದಾಗಿ ಹೊರತೆಗೆದು ಇಟ್ಟುಕೊಳ್ಳಬೇಕೆಂಬ ತಿಳಿವಳಿಕೆ ನನಗೆ ಆಗ ಇರಲಿಲ್ಲ. ಅಂದಿನಿಂದ ತಂತ್ರಾಂಶದ ಬೆಲೆ ಎಂದರೆ ಕೊಳ್ಳುವ ದಿನ ಕೊಡುವ ಹಣ ಎಂದು ನಾನು ಎಣಿಸುವುದಿಲ್ಲ. ಅದನ್ನು ಕಲಿಯಲು ಹಿಡಿಯುವ ದಿನಗಳು, ಪ್ರತಿ ಚಿತ್ರಕ್ಕೆ ಅದು ತಿನ್ನುವ ನಿಮಿಷಗಳು, ಅದನ್ನು ಬಿಟ್ಟು ಹೊರಡುವ ದಿನ ನಮ್ಮ ಕೆಲಸದಲ್ಲಿ ಎಷ್ಟು ಭಾಗ ನಮ್ಮ ಕೈಯಲ್ಲಿ ಉಳಿಯುತ್ತದೆ ಎಂಬುದು, ಇವೆಲ್ಲ ಬೆಲೆಯ ಒಳಗೇ ಬರುತ್ತವೆ.

ನಿಮಿಷಗಳ ಲೆಕ್ಕವನ್ನು ಮೊದಲು ನೋಡೋಣ, ಏಕೆಂದರೆ ಈ ಕೆಲಸದಲ್ಲಿ ಅದೇ ದೊಡ್ಡದು. ಚಲನಚಿತ್ರದ ವೇಗ ಸೆಕೆಂಡಿಗೆ 24 ಫ್ರೇಮು; ಫ್ರೇಮು ಎಂದರೆ ತೆರೆಯ ಮೇಲೆ ಒಂದು ಬಿಂಬ ನಿಲ್ಲುವ ಅತಿ ಚಿಕ್ಕ ಅವಧಿ. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ, ಹತ್ತು ಸೆಕೆಂಡಿಗೆ 120 ಚಿತ್ರ. ಒಂದು ಚಿತ್ರದ ಕರಡು, ಶುದ್ಧ ಗೆರೆ, ಬಣ್ಣ ಎಲ್ಲ ಸೇರಿ ಐದು ನಿಮಿಷ ಎಂದು ಹಿಡಿದರೂ ಹತ್ತು ಗಂಟೆಯ ಕೆಲಸ. ಪ್ರತಿ ಚಿತ್ರದಲ್ಲಿ ಒಂದು ನಿಮಿಷ ಉಳಿಸುವ ತಂತ್ರಾಂಶ ಎರಡು ಗಂಟೆ ಉಳಿಸಿಕೊಡುತ್ತದೆ. ಬಣ್ಣ ತುಂಬುವಾಗ ಪ್ರತಿ ಸಲ ಗೆರೆಯ ಸಂದಿಯಿಂದ ಬಣ್ಣ ಹೊರಗೆ ಹರಿದು ಒಂದು ನಿಮಿಷ ಹಾಳುಮಾಡುವ ತಂತ್ರಾಂಶ ಉಚಿತವಾಗಿದ್ದರೂ ದುಬಾರಿಯೇ. ಹತ್ತು ನಿಮಿಷದ ಕಿರುಚಿತ್ರಕ್ಕೆ ಇದೇ ಲೆಕ್ಕವನ್ನು ಹಿಗ್ಗಿಸಿ ನೋಡಿದರೆ ತಂತ್ರಾಂಶದ ಆಯ್ಕೆಗೆ ನಾನೇಕೆ ಇಷ್ಟು ತೂಕ ಕೊಡುತ್ತೇನೆಂಬುದು ಗೊತ್ತಾಗುತ್ತದೆ.

ಆಯ್ಕೆಗೆ ಮೊದಲು ನಮ್ಮ ಕೆಲಸದ ರೀತಿಯನ್ನು ನಾವು ಅರಿತಿರಬೇಕು. ಎರಡು ಆಯಾಮದ ಅನಿಮೇಷನ್‌ನಲ್ಲಿ ಎರಡು ದೊಡ್ಡ ದಾರಿಗಳಿವೆ. ಒಂದರಲ್ಲಿ ಪ್ರತಿ ಭಂಗಿಯನ್ನೂ ಹೊಸದಾಗಿ ಬರೆಯುತ್ತೇವೆ. ಇದು ಫ್ರೇಮ್‌ನಿಂದ ಫ್ರೇಮಿಗೆ ಸಾಗುವ ದಾರಿ. ಇನ್ನೊಂದರಲ್ಲಿ ಪಾತ್ರವನ್ನು ಒಮ್ಮೆ ಬಿಡಿಭಾಗಗಳಾಗಿ ಬರೆದು, ತೊಗಲುಗೊಂಬೆಯ ಹಾಗೆ ಕೀಲುಗಳಲ್ಲಿ ಜೋಡಿಸಿ, ಆ ಗೊಂಬೆಯನ್ನು ಆಡಿಸುತ್ತೇವೆ. ಇದನ್ನು ಕಟ್‌ಔಟ್ ಎನ್ನುತ್ತಾರೆ, ಜೋಡಣೆಯನ್ನು ರಿಗ್ ಎನ್ನುತ್ತಾರೆ. ಮೊದಲನೆಯದರಲ್ಲಿ ಶ್ರಮ ಕೊನೆಯವರೆಗೂ ಸಮನಾಗಿ ಹಂಚಿಕೊಂಡಿರುತ್ತದೆ. ಎರಡನೆಯದರಲ್ಲಿ ಶ್ರಮವೆಲ್ಲ ಆರಂಭದಲ್ಲೇ ಬೀಳುತ್ತದೆ, ಆಮೇಲೆ ಅದೇ ಪಾತ್ರ ಹತ್ತು ಕಂತುಗಳಲ್ಲಿ ಬಂದರೂ ಮತ್ತೆ ಬರೆಯಬೇಕಾಗಿಲ್ಲ. ಒಂದೇ ಪಾತ್ರದ ಸರಣಿ ಮಾಡುವವರು ಮೊದಲನೆಯ ದಾರಿಯ ತಂತ್ರಾಂಶವನ್ನು ಹಿಡಿದರೆ, ಅಥವಾ ಒಂದೂವರೆ ನಿಮಿಷದ ಭಾವಪ್ರಧಾನ ಚಿತ್ರ ಮಾಡುವವರು ಗೊಂಬೆ ಜೋಡಿಸುತ್ತ ಕೂತರೆ, ತಂತ್ರಾಂಶ ಎಷ್ಟು ಒಳ್ಳೆಯದಾಗಿದ್ದರೂ ಕೆಲಸ ನಡುವೆಯೇ ನಿಲ್ಲುತ್ತದೆ. ನನ್ನ ಮುದುಕಿಯ ದೃಶ್ಯದಲ್ಲಿ ಎರಡೂ ಬೇಕಾಗುವಂತೆ ಬೇಕೆಂದೇ ಮಾಡಿದ್ದೇನೆ: ಬೆರಳುಗಳನ್ನು ಬರೆದೇ ತೀರಬೇಕು, ತಲೆ ಮತ್ತು ಭುಜಗಳನ್ನು ಗೊಂಬೆಯಂತೆ ಆಡಿಸಬಹುದು, ದಾರವನ್ನು ಹೇಗೆ ಮಾಡಬೇಕೆಂಬುದನ್ನು ಆಯಾ ತಂತ್ರಾಂಶವೇ ತೋರಿಸಿಕೊಡುತ್ತದೆ.

ತೀರಾ ಹೊಸಬರಿಗೆ ನಾನು ಮೊದಲು ಕೊಡುವುದು ಪೆನ್ಸಿಲ್2ಡಿ. ಇದು ಮುಕ್ತ ತಂತ್ರಾಂಶ, ಅಂದರೆ ಉಚಿತವಾಗಿ ಸಿಗುವ, ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ; ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ. ಬಿಟ್‌ಮ್ಯಾಪ್ (ಬಣ್ಣದ ಬಿಂದುಗಳಿಂದಾದ ಚಿತ್ರದ) ಲೇಯರ್, ವೆಕ್ಟರ್ (ಗೆರೆಗಳನ್ನು ಲೆಕ್ಕವಾಗಿ ಇಟ್ಟುಕೊಳ್ಳುವ ಚಿತ್ರದ) ಲೇಯರ್, ಧ್ವನಿಯ ಲೇಯರ್, ಕ್ಯಾಮೆರಾ ಲೇಯರ್ ಎಂಬ ನಾಲ್ಕೇ ಬಗೆಯ ಪದರಗಳಿರುವುದರಿಂದ ತೆರೆದ ಹತ್ತು ನಿಮಿಷದಲ್ಲಿ ಚೆಂಡೊಂದನ್ನು ಪುಟಿಸಬಹುದು. ಹಿಂದಿನ ಮತ್ತು ಮುಂದಿನ ಚಿತ್ರಗಳು ಮಸುಕಾಗಿ ಕಾಣುವ ಆನಿಯನ್ ಸ್ಕಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಮುದುಕಿಯ ಕರಡನ್ನು ನಾನು ಅತಿ ಬೇಗ ಮುಗಿಸಿದ್ದು ಇದರಲ್ಲೇ. ಆದರೆ ಬಣ್ಣ, ನೆರಳು, ಹಿನ್ನೆಲೆಯ ಬೆಳಕು ಎಂದು ಹೊರಟಾಗ ಅದರ ಎಲ್ಲೆ ಬೇಗ ಕಾಣಿಸುತ್ತದೆ. ಕಾಲದ ಅಳತೆ ಕಲಿಯಲು ಇದು ಸಾಕು. ಕಿರುಚಿತ್ರ ಮುಗಿಸಲು ಇನ್ನೊಂದು ಬೇಕಾಗುತ್ತದೆ.

ಕ್ರಿಟಾ ಮೂಲತಃ ಚಿತ್ರ ಬರೆಯುವವರಿಗಾಗಿ ಹುಟ್ಟಿದ ಮುಕ್ತ ತಂತ್ರಾಂಶ. 2016ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಅದರಲ್ಲಿ ಅನಿಮೇಷನ್ ಸೇರಿತು. ಬ್ರಷ್ಷಿನ ವಿಷಯದಲ್ಲಿ ಹಣ ಕೊಟ್ಟು ಕೊಳ್ಳುವ ಎಷ್ಟೋ ತಂತ್ರಾಂಶಗಳಿಗಿಂತ ಇದು ನನಗೆ ಹಿತವೆನಿಸುತ್ತದೆ. ಮುದುಕಿಯ ಕೆನ್ನೆಯ ಸುಕ್ಕು, ಕಿಟಕಿಯಿಂದ ಬೀಳುವ ಬೆಳಕಿನ ಅಂಚು ಇದರಲ್ಲಿ ಬಂದಷ್ಟು ಚೆನ್ನಾಗಿ ಬೇರೆಲ್ಲೂ ಬರಲಿಲ್ಲ. ಐದನೆಯ ಆವೃತ್ತಿಯಲ್ಲಿ ಕ್ಲೋನ್ ಫ್ರೇಮುಗಳು ಬಂದವು: ಕಣ್ಣು ಮಿಟುಕಿಸುವ ಮೂರು ಚಿತ್ರಗಳನ್ನು ಬರೆದು ಬೇಕಾದ ಕಡೆಯೆಲ್ಲ ಅವುಗಳ ಪ್ರತಿ ಇಟ್ಟರೆ, ಮುಂದೊಮ್ಮೆ ಒಂದನ್ನು ತಿದ್ದಿದಾಗ ಉಳಿದೆಡೆಯೂ ತಾನಾಗಿ ತಿದ್ದಿಕೊಳ್ಳುತ್ತದೆ. 2023ರ 5.2ನೆಯ ಆವೃತ್ತಿಯಿಂದ ಧ್ವನಿ ಮತ್ತು ಚಿತ್ರದ ಹೊಂದಾಣಿಕೆ ಸುಧಾರಿಸಿದೆ. ವಿಡಿಯೊ ತೆಗೆಯಲು ಬೇಕಾದ ಎಫ್‌ಎಫ್‌ಎಂಪೆಗ್ ಕೂಡ ಜೊತೆಗೇ ಬರುತ್ತದೆ.

ಕ್ರಿಟಾವನ್ನು ಆರಿಸುವ ಮೊದಲು ಕಂಪ್ಯೂಟರಿನ ಮೆಮೊರಿಯ ಲೆಕ್ಕ ಹಾಕಿಕೊಳ್ಳಬೇಕು. 1920ಕ್ಕೆ 1080ರ ಒಂದು ಚಿತ್ರದಲ್ಲಿ 20,73,600 ಬಿಂದುಗಳಿವೆ. ಒಂದೊಂದು ಬಿಂದುವಿಗೆ ನಾಲ್ಕು ಬೈಟ್ ಎಂದರೂ ಪೂರ್ತಿ ತುಂಬಿದ ಒಂದು ಚಿತ್ರಕ್ಕೆ ಸುಮಾರು ಎಂಟು ಮೆಗಾಬೈಟ್ ಬೇಕು. 120 ಚಿತ್ರಗಳ ಒಂದು ಲೇಯರಿಗೆ ಒಂದು ಗಿಗಾಬೈಟ್ ಹತ್ತಿರ. ಅದೇ ಚಿತ್ರವನ್ನು ಉದ್ದ ಅಗಲ ಎರಡರಲ್ಲೂ ಇಮ್ಮಡಿ ಮಾಡಿದರೆ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ಕ್ರಿಟಾ ಖಾಲಿ ಜಾಗವನ್ನು ತುಂಬಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಕೈಯನ್ನು ಮಾತ್ರ ಪ್ರತ್ಯೇಕ ಲೇಯರಿನಲ್ಲಿ ಬರೆದರೆ ಹೊರೆ ಬಹಳ ಇಳಿಯುತ್ತದೆ. ಆಡಿಸಿ ನೋಡುವಾಗ ತಯಾರಾಗುವ ಫ್ರೇಮುಗಳನ್ನು ಮೆಮೊರಿಯ ಬದಲು ಡಿಸ್ಕಿನಲ್ಲಿ ಇಡುವ ಆಯ್ಕೆಯೂ ಸೆಟ್ಟಿಂಗ್‌ನಲ್ಲಿದೆ. ಇಷ್ಟಾದರೂ ಕ್ರಿಟಾದಲ್ಲಿ ನಾನು ಹತ್ತು ಹದಿನೈದು ಸೆಕೆಂಡಿಗಿಂತ ಉದ್ದದ ಫೈಲನ್ನು ಇಡುವುದಿಲ್ಲ. ಒಂದು ಶಾಟಿಗೆ ಒಂದು ಫೈಲು ಎಂಬ ಶಿಸ್ತು ಇಲ್ಲದವರಿಗೆ ಇದು ಒಗ್ಗುವುದಿಲ್ಲ.

ಓಪನ್‌ಟೂನ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊಸಬರು ತೆರೆದ ಅರ್ಧ ಗಂಟೆಗೇ ಮುಚ್ಚಿಬಿಡುವ ತಂತ್ರಾಂಶವಿದು, ಮತ್ತು ಹಾಗೆ ಮುಚ್ಚುವುದರಿಂದ ಅವರು ಕಳೆದುಕೊಳ್ಳುವುದು ಬಹಳ. ಟೂನ್ಸ್ ಎಂಬ ಹೆಸರಿನಲ್ಲಿ ಇಟಲಿಯ ಡಿಜಿಟಲ್ ವಿಡಿಯೊ ಸಂಸ್ಥೆ ಇದನ್ನು ಬೆಳೆಸಿತು. ಜಪಾನಿನ ಸ್ಟುಡಿಯೊ ಘಿಬ್ಲಿ 1990ರ ದಶಕದಿಂದ ಇದನ್ನು ಬಳಸುತ್ತ, ತನ್ನ ಕೆಲಸಕ್ಕೆ ಬೇಕಾದ ಬದಲಾವಣೆಗಳನ್ನು ಮಾಡಿಕೊಂಡಿತ್ತು. 2016ರ ಮಾರ್ಚ್‌ನಲ್ಲಿ ಜಪಾನಿನ ದ್ವಾಂಗೊ ಸಂಸ್ಥೆ ಇದನ್ನು ಕೊಂಡು, ಘಿಬ್ಲಿಯ ಆ ಬದಲಾವಣೆಗಳನ್ನೂ ಸೇರಿಸಿ, ಬಿಎಸ್‌ಡಿ ಎಂಬ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ವೃತ್ತಿಪರ ಸ್ಟುಡಿಯೊದ ಒಳಗೆ ಪಳಗಿದ ಉಪಕರಣ ಇದಾದ್ದರಿಂದಲೇ ಅದರ ರೂಢಿಗಳು ಸ್ಟುಡಿಯೊದ ರೂಢಿಗಳೇ ಆಗಿವೆ. ಟೈಮ್‌ಲೈನ್ ಎಡದಿಂದ ಬಲಕ್ಕೆ ಹರಿಯುವ ಬದಲು ಎಕ್ಸ್‌ಶೀಟ್ ಎಂಬ ಹಾಳೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಸಾಲು ಎಂದರೆ ಫ್ರೇಮು, ಕಂಬ ಎಂದರೆ ಲೇಯರು. ಕಾಗದದ ಕಾಲದಲ್ಲಿ ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕೆಂದು ಬರೆದಿಡುತ್ತಿದ್ದ ಹಾಳೆಯೇ ಇದು. ಒಂದು ವಾರ ಕಣ್ಣು ಒಗ್ಗಿಸಿಕೊಂಡರೆ, ದಾರ ಎರಡು ಸಲ ತಪ್ಪುವ ಭಾಗದಲ್ಲಿ ಅವವೇ ಐದು ಚಿತ್ರಗಳನ್ನು ಹಿಂದುಮುಂದು ಮಾಡಿ ಜೋಡಿಸುವುದು ಈ ಹಾಳೆಯಲ್ಲಿ ಎಷ್ಟು ಸಲೀಸು ಎಂಬುದು ತಿಳಿಯುತ್ತದೆ.

ಇದರ ನಿಜವಾದ ಬಲ ಬಣ್ಣದಲ್ಲಿದೆ. ಟೂನ್ಸ್ ರಾಸ್ಟರ್ ಎಂಬ ಬಗೆಯ ಚಿತ್ರದಲ್ಲಿ ಪ್ರತಿ ಬಿಂದುವೂ ತನ್ನ ಬಣ್ಣವನ್ನು ನೇರವಾಗಿ ಇಟ್ಟುಕೊಳ್ಳುವುದಿಲ್ಲ. ಪ್ಯಾಲೆಟ್ ಎಂಬ ಬಣ್ಣಗಳ ಪಟ್ಟಿಯಲ್ಲಿ ಎಷ್ಟನೆಯ ಬಣ್ಣ ಎಂಬ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನಾನು ಮುದುಕಿಯ ಸೀರೆಗೆ ಮೊದಲು ಕಡುಗೆಂಪು ಕೊಟ್ಟಿದ್ದೆ. 120 ಚಿತ್ರಗಳಿಗೂ ಬಣ್ಣ ತುಂಬಿ ಮುಗಿದ ಮೇಲೆ, ಕಿಟಕಿಯ ಹಳದಿ ಬೆಳಕಿನಲ್ಲಿ ಆ ಕೆಂಪು ಮುಖವನ್ನೇ ನುಂಗುತ್ತಿದೆ ಎನ್ನಿಸಿತು. ಪ್ಯಾಲೆಟ್‌ನಲ್ಲಿ ಆ ಒಂದು ಚೌಕವನ್ನು ಒತ್ತಿ, ಮಾಸಿದ ನೀಲಿಯತ್ತ ಎಳೆದೆ. ಮರುಕ್ಷಣ 120 ಚಿತ್ರಗಳಲ್ಲೂ ಸೀರೆ ನೀಲಿಯಾಯಿತು, ಸೆರಗಿನ ಅಂಚಿನ ಗೆರೆ ಮಾತ್ರ ಬೇರೆ ಸಂಖ್ಯೆಯದಾದ್ದರಿಂದ ಹಾಗೇ ಉಳಿಯಿತು. ಇದೇ ಬದಲಾವಣೆ ಸಾಮಾನ್ಯ ಬಿಟ್‌ಮ್ಯಾಪ್ ಚಿತ್ರಗಳಲ್ಲಾಗಿದ್ದರೆ ಒಂದು ಇಡೀ ಸಂಜೆ ಹಿಡಿಯುತ್ತಿತ್ತು. ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುವವರಿಗೂ ಇದು ಅನುಕೂಲಿ: ಸ್ಕ್ಯಾನ್ ಮಾಡಿದ ಹಾಳೆಗಳ ಗೆರೆಗಳನ್ನು ಶುದ್ಧಗೊಳಿಸಿ ಇದೇ ಬಗೆಯ ಚಿತ್ರವಾಗಿ ಮಾರ್ಪಡಿಸುವ ವ್ಯವಸ್ಥೆ ಅದರೊಳಗೇ ಇದೆ. ಹೀಗಾಗಿ ಚಿತ್ರ ಬರೆಯುವ ಟ್ಯಾಬ್ಲೆಟ್ ಕೊಳ್ಳಲಾಗದವರು ಸ್ಕ್ಯಾನರ್ ಸಿಕ್ಕರೆ ಇಂದೇ ಕೆಲಸ ಶುರುಮಾಡಬಹುದು.

ಓಪನ್‌ಟೂನ್ಸ್‌ನ ತೆರೆ ಗಾಬರಿ ಹುಟ್ಟಿಸುವಂತಿದ್ದರೆ ಅದರ ಕವಲಾದ ತಹೋಮಾ2ಡಿಯನ್ನು ನೋಡಬೇಕು. ಒಳಗಿನ ಯಂತ್ರ ಅದೇ, ಆದರೆ ಗುಂಡಿಗಳ ಜೋಡಣೆ ಸರಳ. ವಿಡಿಯೊ ತೆಗೆಯುವ ಏರ್ಪಾಡನ್ನು ಬೇರೆಯಾಗಿ ಮಾಡಿಕೊಳ್ಳಬೇಕಾಗಿಲ್ಲ. ಎರಡರಲ್ಲಿ ಯಾವುದನ್ನು ಬಳಸಿದರೂ ಒಂದು ಮಾತು ನೆನಪಿರಲಿ: ಇವು ಇಡೀ ಕೆಲಸವನ್ನು ಒಂದೇ ಫೈಲಿನಲ್ಲಿ ಇಡುವುದಿಲ್ಲ, ಪ್ರಾಜೆಕ್ಟಿನ ಫೋಲ್ಡರಿನೊಳಗೆ ದೃಶ್ಯ, ಚಿತ್ರಗಳು, ಪ್ಯಾಲೆಟ್, ಧ್ವನಿ ಎಂದು ಹಂಚಿ ಇಡುತ್ತವೆ. ದೃಶ್ಯದ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಇನ್ನೊಂದು ಕಂಪ್ಯೂಟರಿನಲ್ಲಿ ಖಾಲಿ ಕಂಬಗಳಷ್ಟೇ ಕಾಣುತ್ತವೆ. ಫೋಲ್ಡರನ್ನೇ ಇಡಿಯಾಗಿ ಒಯ್ಯಬೇಕು.

ಸಿನ್‌ಫಿಗ್ ಸ್ಟುಡಿಯೊ ಇವೆಲ್ಲಕ್ಕಿಂತ ಬೇರೆ ಜಾತಿಯದು. 2005ರಲ್ಲಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ ಹೊರಬಂದ ಈ ವೆಕ್ಟರ್ ತಂತ್ರಾಂಶದಲ್ಲಿ ನಡುವಿನ ಚಿತ್ರಗಳನ್ನು ನಾವು ಬರೆಯುವುದೇ ಇಲ್ಲ. ಆರಂಭದ ಮತ್ತು ಕೊನೆಯ ಸ್ಥಿತಿಯನ್ನು ಹೇಳಿದರೆ ನಡುವಿನದನ್ನು ಅದೇ ಲೆಕ್ಕ ಹಾಕುತ್ತದೆ. ಕೀಲುಗೊಂಬೆಯ ಭಾಗಗಳನ್ನು ಮೂಳೆಯಂತೆ ಹಿಡಿದು ಆಡಿಸುವ ಬೋನ್‌ಗಳೂ ಇವೆ. ಮುದುಕಿಯ ಬೆರಳುಗಳು ಇದರಲ್ಲಿ ನನಗೆ ಕೈಗೂಡಲೇ ಇಲ್ಲ, ಆಕಾರಗಳು ರಬ್ಬರಿನಂತೆ ಹಿಗ್ಗಿದವು. ದಾರ ಮಾತ್ರ ನಾನು ನಿರೀಕ್ಷಿಸದಷ್ಟು ಚೆಲುವಾಗಿ ಬಂತು: ಒಂದೇ ಒಂದು ವಕ್ರರೇಖೆ, ಅದರ ಮೇಲೆ ನಾಲ್ಕು ಬಿಂದು, ಆರು ಕಡೆ ಅವುಗಳ ಸ್ಥಾನ ಗುರುತಿಸಿದ್ದಷ್ಟೇ. ದಾರ ತೂಗಿತು, ಜಾರಿತು, ಸೂಜಿಯ ಕಣ್ಣು ತಾಗಿ ಮಡಚಿಕೊಂಡಿತು. ವಿವರಣಾ ಚಿತ್ರ, ಚಲಿಸುವ ನಕ್ಷೆ, ಸರಳ ಆಕಾರದ ಪಾತ್ರಗಳ ಸರಣಿ ಮಾಡುವವರಿಗೆ ಇದು ತಕ್ಕದ್ದು. ಇದರಲ್ಲಿ ಒಂದು ಮುಖ್ಯ ಎಚ್ಚರಿಕೆ: ಅನಿಮೇಟ್ ಮೋಡ್ ಚಾಲೂ ಇದೆಯೋ ಇಲ್ಲವೋ ಎಂದು ಪ್ರತಿ ಸಲ ನೋಡಿಕೊಂಡೇ ಆಕಾರವನ್ನು ಮುಟ್ಟಬೇಕು. ಚಾಲೂ ಇದ್ದಾಗ ಮಾಡಿದ ಬದಲಾವಣೆ ಆ ಕ್ಷಣಕ್ಕೆ ಸೇರಿದ ಚಲನೆಯಾಗುತ್ತದೆ, ಇಲ್ಲದಾಗ ಮಾಡಿದ್ದು ಇಡೀ ಆಕಾರಕ್ಕೇ ತಟ್ಟುತ್ತದೆ.

ಬ್ಲೆಂಡರ್ ಎಂದೊಡನೆ ಜನ ಮೂರು ಆಯಾಮದ್ದೆಂದು ಬದಿಗಿಡುತ್ತಾರೆ. 2002ರಲ್ಲಿ ಸಾರ್ವಜನಿಕರು ಒಂದು ಲಕ್ಷ ಯೂರೊ ಕೂಡಿಸಿ, ಮಾಲೀಕರಿಂದ ಬಿಡಿಸಿಕೊಂಡು ಜಿಪಿಎಲ್ ಅಡಿ ಮುಕ್ತವಾಗಿಸಿದ ಈ ತಂತ್ರಾಂಶದಲ್ಲಿ ಗ್ರೀಸ್ ಪೆನ್ಸಿಲ್ ಎಂಬ ಭಾಗವಿದೆ. 2019ರ 2.80ನೆಯ ಆವೃತ್ತಿಯಿಂದ ಅದು ಟಿಪ್ಪಣಿ ಗೀಚುವ ಸಾಧನವಾಗಿ ಉಳಿಯದೆ, ಪೂರ್ಣ ಪ್ರಮಾಣದ ಎರಡು ಆಯಾಮದ ಉಪಕರಣವಾಯಿತು. ಶುರುವಿನ ತೆರೆಯಲ್ಲೇ ಎರಡು ಆಯಾಮದ ಅನಿಮೇಷನ್ ಎಂಬ ಆಯ್ಕೆ ಸಿಗುತ್ತದೆ, ಅದನ್ನು ಒತ್ತಿದರೆ ಬಿಳಿ ಹಾಳೆಯೇ ಎದುರಾಗುತ್ತದೆ. ಎಳೆದ ಗೆರೆ ಬಿಂದುಗಳ ಸಾಲಾಗಿ ಉಳಿಯುವುದರಿಂದ, ಎಳೆದಾದ ಮೇಲೂ ಜೇಡಿಮಣ್ಣಿನಂತೆ ಒತ್ತಿ, ತಳ್ಳಿ ಸರಿಪಡಿಸಬಹುದು; ಅಳಿಸಿ ಮತ್ತೆ ಬರೆಯುವ ಪ್ರಮೇಯ ಕಡಿಮೆ. ಹಾಳೆಗಳನ್ನು ಒಂದರ ಹಿಂದೊಂದು ದೂರ ನಿಲ್ಲಿಸಿ ಕ್ಯಾಮೆರಾವನ್ನು ನಡುವೆ ಸರಿಸಿದಾಗ ಕಿಟಕಿಯ ಚೌಕಟ್ಟು, ಮುದುಕಿ, ಹಿಂದಿನ ಗೋಡೆ ತಂತಮ್ಮ ದೂರಕ್ಕೆ ತಕ್ಕಂತೆ ಜರುಗುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಕಲಿಯಲು ಇದು ಐದರಲ್ಲಿ ಅತಿ ಹೆಚ್ಚು ದಿನ ತೆಗೆದುಕೊಂಡಿತು. ಕ್ಯಾಮೆರಾ ಚಲನೆ ಬೇಡದವರಿಗೆ ಆ ದಿನಗಳನ್ನು ಇದಕ್ಕೆ ಕೊಡಿ ಎಂದು ನಾನು ಹೇಳಲಾರೆ.

ಹಣ ಕೊಟ್ಟು ಕೊಳ್ಳುವವುಗಳಲ್ಲಿ ಕೈಗೆಟುಕುವವೂ ಇವೆ, ಆದರೆ ಕೊಳ್ಳುವ ಮುನ್ನ ಆವೃತ್ತಿಗಳ ನಡುವಿನ ವ್ಯತ್ಯಾಸದ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದಬೇಕು. ಕ್ಲಿಪ್ ಸ್ಟುಡಿಯೊ ಪೇಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಗೆರೆಯ ಸೊಗಸಿಗೆ ಅದು ಹೆಸರಾಗಿದೆ. ಅಗ್ಗದ ಪ್ರೊ ಆವೃತ್ತಿಯಲ್ಲೂ ಅನಿಮೇಷನ್ ಇದೆ ಎಂದು ಬರೆದಿರುತ್ತದೆ. ಆದರೆ ಪ್ರೊದಲ್ಲಿ ಅದು 24 ಫ್ರೇಮುಗಳಿಗೆ ನಿಲ್ಲುತ್ತದೆ, ಮಿತಿಯಿಲ್ಲದೆ ಬರೆಯಲು ಇಎಕ್ಸ್ ಆವೃತ್ತಿ ಬೇಕು. ನನ್ನ ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಫ್ರೇಮು ಬೇಕಾಗಿರುವಾಗ 24 ಎಂದರೆ ಮುದುಕಿ ಇನ್ನೂ ಸೂಜಿಯನ್ನು ಎತ್ತುತ್ತಿರುತ್ತಾಳೆ. ಕೀಲುಗೊಂಬೆಯ ದಾರಿ ಹಿಡಿದವರಿಗೆ, ಒಂದೇ ಸಲ ಹಣ ಕೊಟ್ಟು ಇಟ್ಟುಕೊಳ್ಳಬಹುದಾದ ಮೊಹೊ ಯೋಚಿಸಬೇಕಾದ ಆಯ್ಕೆ. ಮೊಣಕೈ ಮಡಚಿದಾಗ ಆಕಾರ ಕೆಡದಂತೆ ನೋಡಿಕೊಳ್ಳುವ ಸ್ಮಾರ್ಟ್ ಬೋನ್ ಅದರ ವೈಶಿಷ್ಟ್ಯ. ಟೂನ್ ಬೂಮ್ ಹಾರ್ಮನಿ ಸ್ಟುಡಿಯೊಗಳ ಅಚ್ಚುಮೆಚ್ಚಿನದು. ಎಸೆನ್ಷಿಯಲ್ಸ್, ಅಡ್ವಾನ್ಸ್ಡ್, ಪ್ರೀಮಿಯಂ ಎಂದು ಮೂರು ಮೆಟ್ಟಿಲು. ಸ್ಟುಡಿಯೊದಲ್ಲಿ ಕೆಲಸ ಹುಡುಕುವವರು ಅದನ್ನು ಕಲಿಯಲೇಬೇಕಾದೀತು, ಆಗ ಆ ಖರ್ಚನ್ನು ಕಲಿಕೆಯ ಶುಲ್ಕವೆಂದು ನೋಡುವುದು ಸರಿ. ಸ್ವಂತ ಕಿರುಚಿತ್ರಕ್ಕಾಗಿ ಮೊದಲ ವರ್ಷವೇ ಅದಕ್ಕೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಐಪ್ಯಾಡ್ ಈಗಾಗಲೇ ಕೈಯಲ್ಲಿದ್ದವರಿಗೆ 2023ರ ನವೆಂಬರ್‌ನಲ್ಲಿ ಬಂದ ಪ್ರೊಕ್ರಿಯೇಟ್ ಡ್ರೀಮ್ಸ್ ಇದೆ, ಅದಕ್ಕೂ ಚಂದಾ ಇಲ್ಲ. ಇದಕ್ಕಾಗಿಯೇ ಐಪ್ಯಾಡ್ ಕೊಂಡರೆ ಅದು ಅಗ್ಗದ ದಾರಿಯಲ್ಲ. ಫೋನಿನಲ್ಲಿ ಬೆರಳಿನಿಂದ ಬರೆಯುವ ಆ್ಯಪ್‌ಗಳು ಅಭ್ಯಾಸಕ್ಕೆ ಒಳ್ಳೆಯವು.

ಪರವಾನಗಿಯ ಬಗ್ಗೆ ಒಂದು ಸಂದೇಹ ಪದೇ ಪದೇ ಎದುರಾಗುತ್ತದೆ: ಮುಕ್ತ ತಂತ್ರಾಂಶದಲ್ಲಿ ಮಾಡಿದ ಚಿತ್ರವನ್ನು ಮಾರಬಹುದೇ, ಅದನ್ನೂ ಮುಕ್ತವಾಗಿ ಬಿಟ್ಟುಕೊಡಬೇಕೇ ಎಂದು. ಜಿಪಿಎಲ್ ಅನ್ವಯಿಸುವುದು ತಂತ್ರಾಂಶದ ಕೋಡ್‌ಗೆ, ಅದರಿಂದ ನಾವು ಬರೆದ ಚಿತ್ರಕ್ಕಲ್ಲ. ಕ್ರಿಟಾ, ಬ್ಲೆಂಡರ್, ಸಿನ್‌ಫಿಗ್, ಪೆನ್ಸಿಲ್2ಡಿ, ಓಪನ್‌ಟೂನ್ಸ್ ಇವುಗಳಲ್ಲಿ ಮಾಡಿದ್ದು ಪೂರ್ತಿಯಾಗಿ ಬರೆದವರದೇ. ಮಾರಬಹುದು, ಸಂಭಾವನೆಗೆ ಮಾಡಿಕೊಡಬಹುದು. ಎಚ್ಚರ ಬೇಕಾಗಿರುವುದು ಇನ್ನೊಂದು ಕಡೆ. ಹಣದ ತಂತ್ರಾಂಶಗಳ ವಿದ್ಯಾರ್ಥಿ ಆವೃತ್ತಿ, ಪ್ರಯೋಗದ ಆವೃತ್ತಿಗಳಲ್ಲಿ ವಾಣಿಜ್ಯ ಬಳಕೆಗೆ ನಿಷೇಧ, ಚಿತ್ರದ ಮೂಲೆಯಲ್ಲಿ ವಾಟರ್‌ಮಾರ್ಕ್, ತೆಗೆಯಬಹುದಾದ ವಿಡಿಯೊದ ಗಾತ್ರಕ್ಕೆ ಮಿತಿ ಇಂಥವು ಇರುವುದುಂಟು. ಆರು ತಿಂಗಳ ಕೆಲಸ ಮುಗಿದ ಮೇಲೆ ಇದು ತಿಳಿದುಬಂದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಕನ್ನಡದಲ್ಲಿ ಚಿತ್ರ ಮಾಡುವವರು ಇನ್ನೆರಡು ಸಂಗತಿಗಳನ್ನು ಪರೀಕ್ಷಿಸಿ ನೋಡಬೇಕು. ಒಂದು, ಅಕ್ಷರ. ಅನಿಮೇಷನ್ ತಂತ್ರಾಂಶದ ಪಠ್ಯ ಸಾಧನದಲ್ಲಿ "ಸ್ತ್ರೀ", "ಕಾರ್ಯ" ಎಂದು ಒತ್ತಿ ನೋಡಿ. ಒತ್ತಕ್ಷರ ಬಿಡಿಯಾಗಿ ಬಿದ್ದರೆ, ಅರ್ಕಾವತ್ತು ತನ್ನ ಜಾಗ ಬಿಟ್ಟು ನಿಂತರೆ ಅಲ್ಲಿ ಶೀರ್ಷಿಕೆ ಬರೆಯುವ ಹಟ ಬೇಡ. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿ ಬರೆದು, ಪಠ್ಯವನ್ನು ಆಕಾರವಾಗಿ ಬದಲಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿಯೋ ಎಸ್‌ವಿಜಿ ಎಂಬ ವೆಕ್ಟರ್ ಚಿತ್ರವಾಗಿಯೋ ತಂದುಕೊಂಡರೆ ಯಾವ ತಂತ್ರಾಂಶದಲ್ಲೂ ಅಕ್ಷರ ಮುರಿಯುವುದಿಲ್ಲ. ಎರಡನೆಯದು ತುಟಿಯ ಚಲನೆ. ರೂಬಾರ್ಬ್ ಎಂಬ ಉಚಿತ ಸಾಧನ ಧ್ವನಿಯನ್ನು ಕೇಳಿ ಬಾಯಿಯ ಆಕಾರಗಳ ಪಟ್ಟಿ ಮಾಡಿಕೊಡುತ್ತದೆ. ತಹೋಮಾ2ಡಿಯ ಒಳಗಿನಿಂದಲೇ ಅದನ್ನು ಬಳಸಬಹುದು. ಅದರ ಒಂದು ವಿಧಾನ ಇಂಗ್ಲಿಷ್ ಪದಗಳನ್ನು ಗುರುತಿಸುತ್ತದೆ, ಇನ್ನೊಂದು ಬರಿಯ ಧ್ವನಿಗಳನ್ನು. ಕನ್ನಡಕ್ಕೆ ಎರಡನೆಯದನ್ನೇ ಆರಿಸಬೇಕು. ಅಷ್ಟಾದರೂ ಕೊನೆಯ ತಿದ್ದುಪಡಿ ಕೈಯಿಂದಲೇ ಆಗಬೇಕು. "ಅಬ್ಬಾ" ಎನ್ನುವಾಗ ಮೊದಲ ಅಕಾರಕ್ಕೆ ಬಾಯಿ ಅರ್ಧ ತೆರೆದಿರುತ್ತದೆ, ದ್ವಿತ್ವದ ಬಕಾರಕ್ಕೆ ತುಟಿಗಳು ಒಂಟಿ ಬಕಾರಕ್ಕಿಂತ ಹೆಚ್ಚು ಹೊತ್ತು ಕೂಡಿಕೊಂಡಿರುತ್ತವೆ, ಆಮೇಲೆ ದೀರ್ಘವಾಗಿ ತೆರೆದುಕೊಳ್ಳುತ್ತವೆ. ಮುಚ್ಚಿದ ಬಾಯಿಯನ್ನು ನಾನು ಎರಡು ಫ್ರೇಮು ಇಟ್ಟಾಗ ಮುದುಕಿ "ಅಬಾ" ಎಂದಂತಿತ್ತು. ನಾಲ್ಕು ಮಾಡಿದಾಗ ಅವಳ ಉಸಿರು ನಿಂತು ಬಿಟ್ಟಂತೆ ಕಂಡು ಮಾತು ಸರಿಹೋಯಿತು. ಇಂಥ ತಿದ್ದುಪಡಿಗೆ ಧ್ವನಿಯ ಅಲೆಯನ್ನು ಟೈಮ್‌ಲೈನಿನಲ್ಲಿ ನೋಡುತ್ತ, ಫ್ರೇಮಿನಿಂದ ಫ್ರೇಮಿಗೆ ಸರಿಸಿ ಕೇಳುವ ಅನುಕೂಲ ತಂತ್ರಾಂಶದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಒಂದೇ ತಂತ್ರಾಂಶದಲ್ಲಿ ಎಲ್ಲವೂ ಸಿಗಬೇಕೆಂಬ ಆಸೆಯೇ ಅನೇಕರನ್ನು ದುಬಾರಿ ಚಂದಾಗಳತ್ತ ತಳ್ಳುತ್ತದೆ ಎಂಬುದು ನನ್ನ ಅನಿಸಿಕೆ. ನನ್ನ ಈಗಿನ ಏರ್ಪಾಡಿನಲ್ಲಿ ಹಿನ್ನೆಲೆಗಳನ್ನು ಕ್ರಿಟಾದಲ್ಲಿ ಬರೆಯುತ್ತೇನೆ. ಪಾತ್ರದ ಗೆರೆ, ಬಣ್ಣ, ಜೋಡಣೆ ಎಲ್ಲ ತಹೋಮಾ2ಡಿಯಲ್ಲಿ. ದಾರ, ಹೊಗೆ, ನೀರಿನ ಅಲೆಯಂಥವು ಸಿನ್‌ಫಿಗ್‌ನಲ್ಲಿ. ಧ್ವನಿಯನ್ನು ಆಡಾಸಿಟಿಯಲ್ಲಿ ಕತ್ತರಿಸಿ, ಶಾಟುಗಳನ್ನು ಕೆಡೆನ್‌ಲೈವ್‌ನಲ್ಲಿ ಕೂಡಿಸುತ್ತೇನೆ. ಇವುಗಳಲ್ಲಿ ಒಂದಕ್ಕೂ ನಾನು ಹಣ ಕೊಟ್ಟಿಲ್ಲ, ಆದರೆ ಉಳಿದ ಹಣದಲ್ಲಿ ವರ್ಷಕ್ಕೊಮ್ಮೆ ಒಂದು ಪಾಲನ್ನು ಇವುಗಳ ಅಭಿವೃದ್ಧಿ ನಿಧಿಗೆ ಕಳಿಸುತ್ತೇನೆ, ಏಕೆಂದರೆ ಇವು ನಾಳೆಯೂ ಇರಬೇಕು. ಒಂದರಿಂದ ಒಂದಕ್ಕೆ ಸಾಗಿಸುವ ವಾಹನ ಒಂದೇ: ಸಂಖ್ಯೆ ಹಾಕಿದ ಪಿಎನ್‌ಜಿ ಚಿತ್ರಗಳ ಸಾಲು. ಯಾವ ತಂತ್ರಾಂಶ ಇದನ್ನು ಪಾರದರ್ಶಕ ಹಿನ್ನೆಲೆಯೊಡನೆ ಹೊರಗೆ ಕೊಡುತ್ತದೋ, ಹೊರಗಿನಿಂದ ಒಳಗೆ ತೆಗೆದುಕೊಳ್ಳುತ್ತದೋ ಅದು ನನ್ನ ಏರ್ಪಾಡಿನೊಳಗೆ ಬರಬಹುದು.

ಮಾಯವಾಗುವುದು ಚಿಕ್ಕ ತಂತ್ರಾಂಶಗಳು ಮಾತ್ರ ಎಂದು ಭಾವಿಸಬೇಕಾಗಿಲ್ಲ. ಒಂದು ಕಾಲಕ್ಕೆ ಅಂತರ್ಜಾಲದ ಅನಿಮೇಷನ್ ಎಂದರೆ ಫ್ಲ್ಯಾಶ್ ಎಂದೇ ಆಗಿತ್ತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲ ಕೊನೆಗೊಂಡು, ಬ್ರೌಸರುಗಳಲ್ಲಿ ಆ ಚಿತ್ರಗಳು ಆಡುವುದು ನಿಂತಿತು. ಮುಕ್ತ ತಂತ್ರಾಂಶದ ಫೈಲುಗಳಲ್ಲಿ ಈ ವಿಷಯದಲ್ಲಿ ಒಂದು ಸಮಾಧಾನವಿದೆ. ಕ್ರಿಟಾದ ಫೈಲು ಒಳಗಡೆ ಒಂದು ಜಿಪ್ ಕಟ್ಟು, ಸಿನ್‌ಫಿಗ್‌ನದು ಓದಬಲ್ಲ ಎಕ್ಸ್‌ಎಂಎಲ್ ಪಠ್ಯ. ತಂತ್ರಾಂಶ ಇಲ್ಲದ ದಿನವೂ ಬಲ್ಲವರು ಬಿಚ್ಚಿ ನೋಡಬಹುದು. ಹಾಗಿದ್ದರೂ ನಾನು ಪ್ರತಿ ಶಾಟ್ ಮುಗಿದ ದಿನವೇ ಅದರ ಲೇಯರುಗಳನ್ನು ಬೇರೆ ಬೇರೆಯಾಗಿ ಪಿಎನ್‌ಜಿ ಸಾಲಾಗಿ ತೆಗೆದು, ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನು ಒಂದು ಸಾಲಿನಲ್ಲಿ ಬರೆದು, ಎರಡು ಕಡೆ ಇಡುತ್ತೇನೆ. ಶಾಟ್ ನಡೆಯುತ್ತಿರುವಾಗ ಹೊಸ ಆವೃತ್ತಿ ಬಂದರೂ ಹಾಕಿಕೊಳ್ಳುವುದಿಲ್ಲ.

ನಿಮ್ಮದೇ ಪರೀಕ್ಷೆಯ ದೃಶ್ಯವನ್ನು ಕಟ್ಟಿಕೊಳ್ಳುವಾಗ ಅದು ನೀವು ಮುಂದೆ ಮಾಡಲಿರುವ ಚಿತ್ರದಿಂದಲೇ ಎತ್ತಿಕೊಂಡದ್ದಾಗಿರಲಿ, ಹತ್ತು ಸೆಕೆಂಡು ಮೀರದಿರಲಿ, ಅದರಲ್ಲಿ ಒಂದು ಮಾತು, ಒಂದು ಕೈಚಲನೆ, ಒಂದು ಬಣ್ಣ ಬದಲಾವಣೆ ಇರಲಿ. ಎರಡು ತಂತ್ರಾಂಶಗಳನ್ನಷ್ಟೇ ಆರಿಸಿಕೊಂಡು, ಒಂದೊಂದಕ್ಕೂ ಎರಡು ವಾರ ಕೊಡಿ. ಮೊದಲ ವಾರದಲ್ಲಿ ಕೈ ಎಡವುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯ ವಾರದಲ್ಲಿ ಒಂದು ಚಿತ್ರಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ವಿಡಿಯೊ ತೆಗೆದ ಮೇಲೆ ಆ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿಗೆ ಒಯ್ದು ತೆರೆದು ನೋಡಿ. ನನ್ನ ಮುದುಕಿ ತಹೋಮಾ2ಡಿಯಲ್ಲಿ ಚಿತ್ರವೊಂದಕ್ಕೆ ನಾಲ್ಕು ನಿಮಿಷ, ಕ್ರಿಟಾದಲ್ಲಿ ಆರೂವರೆ ನಿಮಿಷ ತೆಗೆದುಕೊಂಡಳು, ಮತ್ತು ಎರಡೂ ಫೋಲ್ಡರುಗಳು ಸ್ನೇಹಿತರ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲ ಸಲಕ್ಕೇ ತೆರೆದುಕೊಂಡವು.